ಗುಂಡೇಟಿನ ಮೊಕದ್ದಮೆಯ ಸಾಕ್ಷ್ಯವನ್ನು ನೀವೇ ನೋಡುವುದು ಹೇಗೆ? ಚಿತ್ತಾಪುರ ಸೀಮೆಯ ಹೊಸಬರಿಗೆ, ಹಂತ ಹಂತವಾಗಿ

2014ರ ಜನವರಿಯಲ್ಲಿ ಕಲಬುರಗಿ ನಗರದಲ್ಲಿ ರೌಡಿಯೊಬ್ಬನನ್ನು ಹಿಡಿಯಲು ಹೋದ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ಗುಂಡೇಟು ತಿಂದರು. ಒಂದು ವಾರ ಕಳೆದು ಹೈದರಾಬಾದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಜಿಲ್ಲೆಯ ತುಂಬ ಹಬ್ಬಿದ ಮಾತುಗಳು ಒಂದೆರಡಲ್ಲ. ಮರುವರ್ಷ, 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದ ಕಲ್ಯಾಣನಗರದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾಯಿತು. ಈ ಎರಡು ಕೊಲೆಗಳ ಬಗ್ಗೆ ನಮ್ಮ ಕಡೆಯ ಜನ ಗಂಟೆಗಟ್ಟಲೆ ವಾದಿಸಬಲ್ಲರು. ಆದರೆ ಹಾಗೆ ವಾದಿಸುವವರಲ್ಲಿ ಮೊಕದ್ದಮೆಯ ಒಂದೇ ಒಂದು ಕಾಗದ ಓದಿದವರು ಬಹಳ ಕಡಿಮೆ.

ಓದಲು ದಾರಿಯೇ ಇಲ್ಲ ಎಂದು ಹೆಚ್ಚಿನವರು ನಂಬಿದ್ದಾರೆ. ದಾರಿ ಇದೆ, ಆದರೆ ಇಕ್ಕಟ್ಟಾಗಿದೆ. ಯಾವ ಕಾಗದ ಯಾವ ಹೊತ್ತಿಗೆ ಸಿಗುತ್ತದೆ, ಯಾವುದು ಸಿಗುವುದಿಲ್ಲ, ಏಕೆ ಸಿಗುವುದಿಲ್ಲ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ, ಚಿಂಚೋಳಿಯ ವಿದ್ಯಾರ್ಥಿಗಳು, ಊರಿನ ವರದಿಗಾರರು ಮತ್ತು ಸತ್ತವರ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹಂತ 1: ಈ ಮೊಕದ್ದಮೆಯಲ್ಲಿ ನೀವು ಯಾರು?

ಎಲ್ಲಕ್ಕಿಂತ ಮೊದಲು ಈ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಆರೋಪಿಗೆ ದೋಷಾರೋಪ ಪಟ್ಟಿ ಮತ್ತು ಅದರ ಜೊತೆಗಿನ ಕಾಗದಗಳನ್ನು ಪುಕ್ಕಟೆ ಕೊಡಲೇಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ನೊಂದವರ ಪರ ವಕೀಲರು ಹಾಜರಿದ್ದರೆ ಅವರಿಗೂ ಅದೇ ಪ್ರತಿಗಳು ಸಿಗಬೇಕು, ಆರೋಪಿ ಹಾಜರಾದ 14 ದಿನದೊಳಗೆ ಸಿಗಬೇಕು ಎನ್ನುತ್ತದೆ ಅದರ 230ನೇ ಕಲಂ. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ಫಿರ್ಯಾದಿಗೆ ಅಥವಾ ನೊಂದವರಿಗೆ ತಿಳಿಸಬೇಕೆಂದೂ ಅದೇ ಕಾನೂನು ಹೇಳುತ್ತದೆ.

ಹಾಗಾಗಿ ಸತ್ತವರ ಹೆಂಡತಿ, ಮಕ್ಕಳು, ತಂದೆ ತಾಯಿ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಸರ್ಕಾರಿ ಅಭಿಯೋಜಕರೇ ಎಲ್ಲ ನೋಡಿಕೊಳ್ಳುತ್ತಾರೆಂದು ಸುಮ್ಮನೆ ಕೂರಬೇಡಿ. ಒಬ್ಬ ವಕೀಲರನ್ನು ಇಟ್ಟುಕೊಳ್ಳಿ. ಅವರು ಅಭಿಯೋಜಕರಿಗೆ ನೆರವಾಗಬಹುದು, ಕಾಗದವನ್ನೂ ಕೇಳಿ ಪಡೆಯಬಹುದು. ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿ. ಕಲಬುರ್ಗಿ ಅವರ ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರಿಂದಲೇ 2019ರ ಫೆಬ್ರವರಿಯಲ್ಲಿ ಆ ತನಿಖೆ ಗೌರಿ ಪ್ರಕರಣದ ವಿಶೇಷ ತನಿಖಾ ತಂಡದ ಕೈಗೆ ಹೋಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ದೋಷಾರೋಪ ಪಟ್ಟಿಯೂ ಸಲ್ಲಿಕೆಯಾಯಿತು.

ಇವರ ಪೈಕಿ ಯಾರೂ ಅಲ್ಲದ ನಿಮ್ಮನ್ನು ಕಾನೂನು ಮೂರನೇ ವ್ಯಕ್ತಿ ಎನ್ನುತ್ತದೆ. ಮುಂದಿನ ಹಂತಗಳು ಹೆಚ್ಚಾಗಿ ನಿಮಗಾಗಿಯೇ.

ಹಂತ 2: ಎಫ್‌ಐಆರ್ ಹುಡುಕಿ

2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಅದನ್ನು ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು ಆದೇಶಿಸಿತು. ಊರು ದೂರದ್ದಾಗಿ ಸಂಪರ್ಕದ ತೊಂದರೆಯಿದ್ದರೆ ಗಡುವು ಹೆಚ್ಚೆಂದರೆ 72 ಗಂಟೆ. ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಕರ್ನಾಟಕ ಪೊಲೀಸ್ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ವರ್ಷ, ಅಪರಾಧ ಸಂಖ್ಯೆ ಕೊಟ್ಟು ಹುಡುಕಿ. ಘಟನೆ ವಾಡಿ ಜಂಕ್ಷನ್ನಿನ ಒಳಗೆ ನಡೆದಿದ್ದರೆ ಊರಿನ ಠಾಣೆಯಲ್ಲಿ ಹುಡುಕಿ ಫಲವಿಲ್ಲ, ಅದು ರೈಲ್ವೆ ಪೊಲೀಸರ ಕಡತದಲ್ಲಿರುತ್ತದೆ.

ಎಫ್‌ಐಆರ್ ಕೈಗೆ ಬಂದ ಕೂಡಲೇ ಮೂರು ಸಮಯಗಳನ್ನು ಪಕ್ಕಪಕ್ಕ ಬರೆದುಕೊಳ್ಳಿ: ಘಟನೆ ನಡೆದದ್ದು, ಠಾಣೆಗೆ ವರ್ತಮಾನ ಬಂದದ್ದು, ಮ್ಯಾಜಿಸ್ಟ್ರೇಟರಿಗೆ ಕಾಗದ ತಲುಪಿದ್ದು. ಮೂರನೆಯದು ಜಾಲತಾಣದ ಪ್ರತಿಯಲ್ಲಿ ಕಾಣುವುದಿಲ್ಲ, ಕೋರ್ಟಿನ ಕಡತದಲ್ಲಿ ಇರುತ್ತದೆ. ವಿವಾದದ ಮೊಕದ್ದಮೆಗಳಲ್ಲಿ ಮೊದಲ ಜಗಳ ಹುಟ್ಟುವುದು ಈ ಮೂರರ ನಡುವಿನ ಅಂತರದಲ್ಲೇ. ಎಫ್‌ಐಆರ್ ಸ್ವತಃ ಕೊಲೆಗೆ ಪುರಾವೆಯಲ್ಲ. ತನಿಖೆ ಎಲ್ಲಿಂದ ಹೊರಟಿತು ಎಂದಷ್ಟೇ ಅದು ಹೇಳುತ್ತದೆ.

ಹಂತ 3: ಮೊಕದ್ದಮೆಯ ನಂಬರು ಹಿಡಿಯಿರಿ

ಕೊಲೆ ಪ್ರಕರಣ ಮೊದಲು ಚಿತ್ತಾಪುರದ ಜೆಎಂಎಫ್‌ಸಿ ಕೋರ್ಟಿಗೆ ಬರುತ್ತದೆ, ಆದರೆ ಅಲ್ಲಿ ವಿಚಾರಣೆಯಾಗುವುದಿಲ್ಲ. ಮ್ಯಾಜಿಸ್ಟ್ರೇಟರು ಅದನ್ನು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ. ಅಲ್ಲಿ ಹಳೆಯ ಸಿ.ಸಿ. ನಂಬರು ಹೋಗಿ ಎಸ್.ಸಿ. ನಂಬರು ಬರುತ್ತದೆ. ಈ ಬದಲಾವಣೆ ತಿಳಿಯದ ಎಷ್ಟೋ ಜನ ಹಳೆಯ ನಂಬರು ಹಿಡಿದು ಹುಡುಕಿ, ಕೇಸು ಮುಚ್ಚಿಹಾಕಿದ್ದಾರೆಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ.

ಮೊಬೈಲಿನಲ್ಲಿ ಇ-ಕೋರ್ಟ್ಸ್ ಸೇವೆಯ ಆ್ಯಪ್ ಹಾಕಿಕೊಳ್ಳಿ. ಠಾಣೆಯ ಹೆಸರು ಮತ್ತು ಎಫ್‌ಐಆರ್ ನಂಬರು ಕೊಟ್ಟರೂ ಪ್ರಕರಣ ಸಿಗುತ್ತದೆ. ಪ್ರತಿ ಮೊಕದ್ದಮೆಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಮುಂದಿನ ತಾರೀಖು, ಪ್ರಕರಣ ಯಾವ ಹಂತದಲ್ಲಿದೆ, ಹಿಂದಿನ ತಾರೀಖಿನಲ್ಲಿ ಏನಾಯಿತು ಎಲ್ಲವೂ ಅಲ್ಲಿ ಬರುತ್ತವೆ. ಹಂತದ ಜಾಗದಲ್ಲಿ ‘ಸಾಕ್ಷ್ಯ’ ಎಂದು ಕಂಡರೆ ನೀವು ಹೊರಡುವ ಹೊತ್ತು ಬಂತೆಂದು ತಿಳಿಯಿರಿ.

ಹಂತ 4: ಈಗಾಗಲೇ ತೆರೆದಿರುವುದನ್ನು ಮೊದಲು ಓದಿ

ದೋಷಾರೋಪ ಪಟ್ಟಿಯನ್ನೇ ಜಾಲತಾಣಕ್ಕೆ ಹಾಕಿಬಿಡಲಿ ಎಂಬ ಬೇಡಿಕೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2023ರ ಜನವರಿ 20ರಂದು ಸೌರವ್ ದಾಸ್ ಪ್ರಕರಣದಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ದೋಷಾರೋಪ ಪಟ್ಟಿ ಸಾರ್ವಜನಿಕ ದಸ್ತಾವೇಜಲ್ಲ, ಅದನ್ನು ಹರಡಿದರೆ ಆರೋಪಿಯ, ನೊಂದವರ ಮತ್ತು ತನಿಖೆಯ ಹಿತಕ್ಕೆ ಧಕ್ಕೆಯಾಗುತ್ತದೆ ಎಂದಿತು. ಆ ತೀರ್ಪು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕೋರ್ಟು ಪರಿಗಣನೆಗೆ ತೆಗೆದುಕೊಂಡ ಮೇಲೆ ಆ ಕಾಗದದ ಒಂದು ಭಾಗವನ್ನಾದರೂ ಜನ ನೋಡುವಂತಿರಬೇಕು. ಆದರೆ ಅದರ ಹಿಂದಿನ ಆತಂಕ ನಿಜ. ದೋಷಾರೋಪ ಪಟ್ಟಿಯಲ್ಲಿ ಇರುವುದು ಪೊಲೀಸರ ಒಂದೇ ಕಡೆಯ ಮಾತು. ಗೌರಿ ಪ್ರಕರಣದಲ್ಲಿ 2018ರ ನವೆಂಬರ್‌ನಲ್ಲಿ ಸಲ್ಲಿಸಿದ ಹೆಚ್ಚುವರಿ ಪಟ್ಟಿ 9,235 ಪುಟಗಳದ್ದು. ಅಷ್ಟು ಪುಟಗಳಿಂದ ಟಿವಿಯವರು ಬೇಕಾದ ಒಂದು ಸಾಲನ್ನು ಹೆಕ್ಕಿ ಇಡೀ ದಿನ ಓಡಿಸಬಹುದು.

ಪಟ್ಟಿ ಸಿಗದಿದ್ದರೂ ಅದರ ತಿರುಳು ಆದೇಶಗಳಲ್ಲಿ ಸಿಗುತ್ತದೆ. ಹೈಕೋರ್ಟಿನ ಜಾಮೀನು ಆದೇಶಗಳು, ಸುಪ್ರೀಂ ಕೋರ್ಟಿನ ತೀರ್ಪುಗಳು ಜಾಲತಾಣದಲ್ಲಿ ಯಾರಿಗಾದರೂ ಪುಕ್ಕಟೆ ಸಿಗುತ್ತವೆ. ಗೌರಿ ಹತ್ಯೆಗೆ ಸಂಬಂಧಿಸಿದ, 2021ರ ಅಕ್ಟೋಬರ್ 21ರ ಕವಿತಾ ಲಂಕೇಶ್ ಪ್ರಕರಣದ ತೀರ್ಪನ್ನು ಓದಿ ನೋಡಿ. ಒಬ್ಬ ಆರೋಪಿಯ ಮೇಲೆ ಹೈಕೋರ್ಟು ಕೈಬಿಟ್ಟಿದ್ದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯ ಆರೋಪಗಳನ್ನು ಅಲ್ಲಿ ಮತ್ತೆ ಊರ್ಜಿತಗೊಳಿಸಲಾಗಿದೆ. ತನಿಖೆ ಹೇಗೆ ಬೆಳೆಯಿತು, ಯಾವ ಹಂತದಲ್ಲಿ ಯಾರ ಅನುಮೋದನೆ ಪಡೆಯಲಾಯಿತು ಎಂಬುದೆಲ್ಲ ಅದರಲ್ಲಿದೆ.

ಓದುವಾಗ ಒಂದು ಎಚ್ಚರ ಬೇಕು. ಮಂಗಳೂರಿನಲ್ಲಿ 2019ರ ಡಿಸೆಂಬರ್ 19ರಂದು ಪೊಲೀಸ್ ಗೋಲಿಬಾರಿನಲ್ಲಿ ಇಬ್ಬರು ಸತ್ತರು. ಆ ದಿನದ ಗಲಭೆಯ ಆರೋಪಿಗಳಿಗೆ 2020ರ ಫೆಬ್ರವರಿಯಲ್ಲಿ ಜಾಮೀನು ಕೊಟ್ಟ ಹೈಕೋರ್ಟು, ಪೊಲೀಸರು ತೋರಿಸಿದ ಸಾಕ್ಷ್ಯದ ಬಗ್ಗೆ ಕಟುವಾಗಿಯೇ ಬರೆಯಿತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು, ಸೆಪ್ಟೆಂಬರಿನಲ್ಲಿ ಅದೇ ಆರೋಪಿಗಳಿಗೆ ತಾನೇ ಜಾಮೀನು ಮಂಜೂರು ಮಾಡಿತು. ಫೆಬ್ರವರಿಯ ಆದೇಶವನ್ನಷ್ಟೇ ಓದಿದವರಿಗೂ ಮಾರ್ಚ್‌ನದ್ದನ್ನಷ್ಟೇ ಓದಿದವರಿಗೂ ಅರೆಬರೆ ಚಿತ್ರವೇ ಸಿಕ್ಕಿರುತ್ತದೆ. ಯಾವ ಆದೇಶ ಸಿಕ್ಕರೂ ಅದರ ಮೇಲಿನ ಕೋರ್ಟು ಏನೆಂದಿತು ಎಂದು ಹುಡುಕಿದ ಮೇಲೆಯೇ ಮಾತಾಡಿ.

ಹಂತ 5: ಕೋರ್ಟಿಗೆ ಹೋಗಿ ಕುಳಿತುಕೊಳ್ಳಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ಸಾಕ್ಷ್ಯ ನೋಡಲು ನಮ್ಮ ದೇಶದಲ್ಲಿ ಇರುವ ಅತಿ ದೊಡ್ಡ, ಅತಿ ಅಗ್ಗದ ಬಾಗಿಲು ಇದು. ಇದಕ್ಕೆ ಅರ್ಜಿ ಬೇಡ, ಫೀಸು ಬೇಡ, ವಕೀಲರೂ ಬೇಡ. ಕ್ರಿಮಿನಲ್ ವಿಚಾರಣೆ ನಡೆಯುವ ಜಾಗ ತೆರೆದ ನ್ಯಾಯಾಲಯ, ಹಿಡಿಸುವಷ್ಟು ಜನ ಬಂದು ಕೂರಬಹುದು ಎಂದು ಹಳೆಯ ಸಂಹಿತೆಯ 327ನೇ ಕಲಂ ಹೇಳುತ್ತಿತ್ತು, ಹೊಸದರ 366ನೇ ಕಲಂ ಹೇಳುತ್ತದೆ. ಯಾರನ್ನಾದರೂ ಹೊರಗೆ ಕಳಿಸುವ ಅಧಿಕಾರ ನ್ಯಾಯಾಧೀಶರಿಗೆ ಇದೆ. ಸಂಘಟಿತ ಅಪರಾಧ ಕಾಯ್ದೆಯ ಪ್ರಕರಣಗಳಲ್ಲಿ ಕಾರಣ ಬರೆದು ಇಡೀ ವಿಚಾರಣೆಯನ್ನೇ ಮುಚ್ಚಿದ ಬಾಗಿಲ ಹಿಂದೆ ನಡೆಸಲೂ ಅವಕಾಶವಿದೆ. ಅಂಥ ಆದೇಶ ಇಲ್ಲದಿದ್ದಾಗ ಬಾಗಿಲಲ್ಲಿ ನಿಂತವರು ‘ನಿಮಗೇನು ಕೆಲಸ’ ಎಂದು ಕೇಳಿದರೆ, ‘ವಿಚಾರಣೆ ನೋಡಲು ಬಂದಿದ್ದೇನೆ’ ಎಂದು ನೇರವಾಗಿ ಹೇಳಿ. ಅಷ್ಟು ಉತ್ತರ ಸಾಕು.

ಅಮೆರಿಕದ ಕೆನೋಶಾದಲ್ಲಿ 2021ರಲ್ಲಿ ನಡೆದ ಕೈಲ್ ರಿಟನ್‌ಹೌಸ್ ವಿಚಾರಣೆಯನ್ನು ನಮ್ಮ ಹುಡುಗರೂ ಯೂಟ್ಯೂಬಿನಲ್ಲಿ ನೋಡಿದ್ದಾರೆ. ಇಬ್ಬರು ಸತ್ತ ಆ ಗುಂಡಿನ ಪ್ರಕರಣದಲ್ಲಿ ವಿಡಿಯೊ ಸಾಕ್ಷ್ಯ, ಪಾಟೀಸವಾಲು ಎಲ್ಲ ನೇರವಾಗಿ ಪ್ರಸಾರವಾಯಿತು. ಕರ್ನಾಟಕ ಹೈಕೋರ್ಟೂ ನೇರಪ್ರಸಾರ ಮಾಡುತ್ತದೆ. ಆದರೆ ಅದರ 2021ರ ನಿಯಮಗಳು ಸಾಕ್ಷಿ ವಿಚಾರಣೆಯನ್ನೂ ಪಾಟೀಸವಾಲನ್ನೂ ಪ್ರಸಾರದಿಂದ ಹೊರಗಿಟ್ಟಿವೆ. ಸಾಕ್ಷಿಗಳಿಗೆ ಬೆದರಿಕೆ ಬರುವ ನಮ್ಮ ನಾಡಿನಲ್ಲಿ ಅದು ಸರಿಯೇ. ಹಾಗಾಗಿ ಸಾಕ್ಷ್ಯ ಕೇಳಬೇಕೆಂದರೆ ಬೆಂಚಿನ ಮೇಲೆ ಹೋಗಿ ಕೂರಲೇಬೇಕು. ಶಹಾಬಾದ, ವಾಡಿಯವರಿಗೆ ಕಲಬುರಗಿಗೆ ರೈಲಿದೆ. ಚಿಂಚೋಳಿಯವರಿಗೆ ಬಸ್ಸೇ ಗತಿ, ಬೆಳಗಿನ ಬಸ್ಸನ್ನೇ ಹಿಡಿಯಿರಿ. ಹನ್ನೊಂದು ಗಂಟೆಗೆ ಕೂಗುವ ಪಟ್ಟಿಯಲ್ಲಿ ನಿಮ್ಮ ಪ್ರಕರಣ ಮೊದಲನೆಯದೇ ಆಗಿದ್ದರೂ ಆಗಿರಬಹುದು.

ಮೊಬೈಲ್ ಬಂದ್ ಮಾಡಿ ಒಳಗೆ ಹೋಗಿ. ಫೋಟೊ, ರೆಕಾರ್ಡಿಂಗ್ ಕೂಡದು. ನೋಟ್‌ಬುಕ್ಕು, ಪೆನ್ನು ಸಾಕು. ತಾರೀಖು ಮುಂದೆ ಹೋಗಿ ಬರಿಗೈಲಿ ತಿರುಗಿ ಬರುವ ದಿನಗಳೂ ಇರುತ್ತವೆ. ಹೊರಡುವ ಮುನ್ನ ಸರ್ಕಾರಿ ಅಭಿಯೋಜಕರ ಕಚೇರಿಗೋ ಪರಿಚಯದ ವಕೀಲರಿಗೋ ಫೋನು ಮಾಡಿ, ಸಾಕ್ಷಿಗೆ ಸಮನ್ಸ್ ಜಾರಿಯಾಗಿದೆಯೇ ಎಂದು ಕೇಳಿಕೊಳ್ಳಿ.

ಒಳಗೆ ಕೇಳಿಬರುವ ಪದಗಳನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು. ಪೊಲೀಸರ ಪಟ್ಟಿಯಲ್ಲಿದ್ದಾಗ ಸಾಕ್ಷಿಯ ನಂಬರು ಸಿ.ಡಬ್ಲ್ಯೂ., ಕಟಕಟೆ ಹತ್ತಿ ಪ್ರಮಾಣ ಮಾಡಿದ ಮೇಲೆ ಪಿ.ಡಬ್ಲ್ಯೂ. ಎರಡೂ ನಂಬರು ಒಂದೇ ಆಗಿರಬೇಕೆಂದಿಲ್ಲ. ದಾಖಲೆಗಳಿಗೆ ನಿಶಾನೆ ಪಿ-1, ಪಿ-2 ಎಂದು ಗುರುತು ಹಾಕುತ್ತಾರೆ. ಆರೋಪಿ ಕಡೆಯ ದಾಖಲೆಗಳಿಗೆ ಡಿ ಅಕ್ಷರ. ಪಿಸ್ತೂಲು, ಬಟ್ಟೆ, ಖಾಲಿ ಕಾಡತೂಸುಗಳಂಥ ವಸ್ತುಗಳು ಮುದ್ದೆಮಾಲು. ನಿಮ್ಮ ಪುಟವನ್ನು ಎರಡು ಅಂಕಣ ಮಾಡಿ. ಎಡಕ್ಕೆ ಮುಖ್ಯ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ್ದು, ಬಲಕ್ಕೆ ಪಾಟೀಸವಾಲಿನಲ್ಲಿ ಅದಕ್ಕೇ ಹೇಳಿದ್ದು. ಎಡಗಡೆ ತುಂಬಿ ಬಲಗಡೆ ಖಾಲಿಯಿದ್ದರೆ ನೀವಿನ್ನೂ ಸಾಕ್ಷ್ಯ ನೋಡಿಲ್ಲ, ಒಂದು ಕಡೆಯ ಕಥೆ ಕೇಳಿದ್ದೀರಿ ಅಷ್ಟೇ.

ಹಂತ 6: ನಕಲು ಅರ್ಜಿ ಹಾಕಿ

ಕೋರ್ಟಿನ ಕಡತವನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದೇ? ಆಗುವುದಿಲ್ಲ. 2020ರ ಮಾರ್ಚ್ 4ರಂದು ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಪ್ರಶ್ನೆಯನ್ನು ಇತ್ಯರ್ಥ ಮಾಡಿದೆ. ಕೋರ್ಟು ತನ್ನದೇ ನಿಯಮದಲ್ಲಿ ನಕಲು ಕೊಡುವ ದಾರಿ ಇಟ್ಟಿರುವಾಗ ಆ ದಾರಿಯಲ್ಲೇ ಬರಬೇಕು. ಮೂರನೇ ವ್ಯಕ್ತಿಯಾದರೆ ಕಾರಣ ಬರೆದು, ಅಫಿಡವಿಟ್ ಹಾಕಿ ಕೇಳಬೇಕು.

ಅರ್ಜಿ ಹೀಗಿರಲಿ:

“ಮಾನ್ಯ ಸೆಷನ್ಸ್ ನ್ಯಾಯಾಧೀಶರ ನ್ಯಾಯಾಲಯ, ಕಲಬುರಗಿ. ಎಸ್.ಸಿ. ನಂ. ……. ಅರ್ಜಿದಾರನಾದ ನಾನು ಈ ಪ್ರಕರಣದಲ್ಲಿ ಪಕ್ಷಗಾರನಲ್ಲ. ದಿನಾಂಕ ……ರಂದು ತೆರೆದ ನ್ಯಾಯಾಲಯದಲ್ಲಿ ದಾಖಲಾದ ಪಿ.ಡಬ್ಲ್ಯೂ. ……ರ ಹೇಳಿಕೆ, ಮತ್ತು ಅವರ ಮೂಲಕ ಗುರುತಿಸಲಾದ ನಿಶಾನೆ ಪಿ-……ರ ದೃಢೀಕೃತ ನಕಲು ಬೇಕಾಗಿದೆ. ಕಾರಣ: ……. ಸಾಕ್ಷಿಗಳ ವಿಳಾಸ ಮತ್ತು ಖಾಸಗಿ ವಿವರಗಳನ್ನು ಪ್ರಕಟಿಸುವುದಿಲ್ಲವೆಂದು ಈ ಮೂಲಕ ಒಪ್ಪಿರುತ್ತೇನೆ. ಅಫಿಡವಿಟ್ ಲಗತ್ತಿಸಿದೆ.”

ಕಡೆಯ ಆ ಒಪ್ಪಿಗೆಯನ್ನು ಯಾವ ನಿಯಮವೂ ಕಡ್ಡಾಯ ಮಾಡಿಲ್ಲ, ಆದರೂ ಬರೆಯಿರಿ. ನಿಮ್ಮ ಉದ್ದೇಶ ಶುದ್ಧವಾಗಿದೆ ಎಂದು ಕೋರ್ಟಿಗೆ ತಿಳಿಯುತ್ತದೆ. ಇಡೀ ಕಡತ ಕೊಡಿ ಎಂದು ಕೇಳಬೇಡಿ, ಅಂಥ ಅರ್ಜಿ ವಜಾ ಆಗುವ ಸಂಭವವೇ ಹೆಚ್ಚು. ನಿಮ್ಮ ಕಣ್ಣೆದುರೇ ಗುರುತು ಹಾಕಿದ ದಾಖಲೆಯನ್ನು ಅದರ ನಂಬರಿನಿಂದ ಕೇಳಿ. ಐದನೇ ಹಂತ ಬಿಡಬೇಡಿ ಎಂದದ್ದು ಇದಕ್ಕೂ ಸೇರಿ. ಕಾರಣದ ಜಾಗದಲ್ಲಿ ‘ಸಾರ್ವಜನಿಕ ಹಿತ’ ಎಂದಷ್ಟೇ ಬರೆದರೆ ಸಾಲದು. ಸಂಶೋಧನೆಯೋ ವರದಿಯೋ ಬಾಧಿತ ಕುಟುಂಬಕ್ಕೆ ನೆರವೋ, ಇದ್ದದ್ದನ್ನು ಬರೆಯಿರಿ. ಅರ್ಜಿ ತಿರಸ್ಕಾರವಾದರೆ ಆ ಆದೇಶದ ನಕಲು ತೆಗೆದುಕೊಳ್ಳಿ. ಅದನ್ನು ಪ್ರಶ್ನಿಸಲು ಹೈಕೋರ್ಟಿನ ಕಲಬುರಗಿ ಪೀಠವಿದೆ. ಮೊದಲಿನ ಹಾಗೆ ಬೆಂಗಳೂರಿಗೆ ಅಲೆಯಬೇಕಿಲ್ಲ. 2008ರಲ್ಲಿ ಸಂಚಾರಿಯಾಗಿ ಬಂದ ಪೀಠ 2013ರಲ್ಲಿ ಕಾಯಂ ಆಗಿದೆ.

ವಿಡಿಯೊ ಕೇಳಿದರೆ ಇನ್ನೂ ಕಷ್ಟ. ಮೆಮೊರಿ ಕಾರ್ಡಿನಲ್ಲಿರುವುದೂ ದಸ್ತಾವೇಜೇ ಎಂದು 2019ರ ನವೆಂಬರಿನಲ್ಲಿ ಕೇರಳದ ನಟ ದಿಲೀಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೂ ನೊಂದವರ ಮಾನ ಕಾಪಾಡಲು ಆರೋಪಿಗೆ ನೋಡಲು ಮಾತ್ರ ಬಿಟ್ಟಿತು, ನಕಲು ಕೊಡಲಿಲ್ಲ. ಆರೋಪಿಗೇ ಹೀಗಾದರೆ ಮೂರನೆಯವರಿಗೆ ಸುಲಭವಾಗಿ ಸಿಕ್ಕೀತೆ?

ಹಂತ 7: ಗುಂಡಿನ ಹಾದಿಯನ್ನು ಕಾಗದದಲ್ಲಿ ಹಿಂಬಾಲಿಸಿ

ಕಾಗದ ಸಿಕ್ಕ ಮೇಲೆ ಓದುವುದು ಎಲ್ಲಿಂದ? ಗುಂಡೇಟಿನ ಪ್ರಕರಣದಲ್ಲಿ ನಾನಾದರೆ ಸ್ಥಳ ಪಂಚನಾಮೆಯಿಂದ ಶುರು ಮಾಡುತ್ತೇನೆ. ನೆಲದಲ್ಲಿ ಎಷ್ಟು ಖಾಲಿ ಕಾಡತೂಸು ಸಿಕ್ಕವು, ಎಲ್ಲಿ ಸಿಕ್ಕವು, ಯಾವ ಅಳತೆಯವು, ಪಂಚರು ಯಾರು, ಯಾವ ಸೀಲು ಹಾಕಿದರು? ಮುಂದಿನದು ಪಿ.ಎಫ್., ಅಂದರೆ ಜಪ್ತಿ ಮಾಡಿದ ವಸ್ತುವನ್ನು ಕೋರ್ಟಿಗೆ ತಿಳಿಸುವ ನಮೂನೆ. ಅದರ ತಾರೀಖು ಪಂಚನಾಮೆಯ ತಾರೀಖಿಗೆ ಹತ್ತಿರವಿದೆಯೇ? ಆ ಮೇಲೆ ಅದನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಒಯ್ದ ಕಾನ್‌ಸ್ಟೇಬಲ್ ಯಾರು, ಒಯ್ದದ್ದು ಎಂದು, ಪ್ರಯೋಗಾಲಯ ಸ್ವೀಕರಿಸಿದಾಗ ಸೀಲು ಸರಿಯಿತ್ತೆಂದು ಬರೆದಿದೆಯೇ? ನಮ್ಮ ಭಾಗಕ್ಕೆ ಕಲಬುರಗಿಯಲ್ಲೇ ಪ್ರಾದೇಶಿಕ ಪ್ರಯೋಗಾಲಯವಿದೆ, ರಾಜ್ಯದ ಮುಖ್ಯ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ. ಪಂಚನಾಮೆಯಲ್ಲಿ ಮೂರು ಕಾಡತೂಸು, ವರದಿಯಲ್ಲಿ ನಾಲ್ಕು ಎಂದಿದ್ದರೆ ಆ ಒಂದರ ಉತ್ತರ ಸಿಗುವವರೆಗೆ ಮುಂದೆ ಹೋಗಬೇಡಿ.

ಗುಂಡು ಪರಿಣತರ ವರದಿಯಲ್ಲಿ ಹೋಲಿಕೆ ಎರಡು ಬಗೆ. ಪಿಸ್ತೂಲು ಸಿಕ್ಕಿದ್ದರೆ ಪ್ರಯೋಗಾಲಯದಲ್ಲಿ ಅದರಿಂದಲೇ ಗುಂಡು ಹಾರಿಸಿ, ಕಾಡತೂಸಿನ ಹಿಂಬದಿಯಲ್ಲಿ ಸೂಜಿ ಬಡಿದ ಗುರುತು, ಗುಂಡಿನ ಮೈಮೇಲೆ ನಳಿಗೆಯ ಗೆರೆಗಳು ತಾಳೆಯಾಗುತ್ತವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪಿಸ್ತೂಲು ಸಿಗದಿದ್ದರೆ ಒಂದು ಕಡೆಯ ಕಾಡತೂಸನ್ನು ಇನ್ನೊಂದು ಕಡೆಯದರ ಜೊತೆ ಹೋಲಿಸುತ್ತಾರೆ. ಕಲಬುರ್ಗಿ ಮತ್ತು ಗೌರಿ ಅವರಿಬ್ಬರಿಗೂ ಬಡಿದದ್ದು ಒಂದೇ 7.65 ಎಂ.ಎಂ. ನಾಡಪಿಸ್ತೂಲಿನ ಗುಂಡು ಎಂಬ ಪ್ರಾಸಿಕ್ಯೂಷನ್ ವಾದ ನಿಂತಿರುವುದು ಇಂಥ ವರದಿಯ ಮೇಲೆ. ಆರೋಪಿಗಳು ತಪ್ಪನ್ನು ಒಪ್ಪಿಲ್ಲ. ಆ ವರದಿಯ ಬೆಲೆ ಎಷ್ಟೆಂಬುದು ಅದನ್ನು ಬರೆದವರು ಪಾಟೀಸವಾಲಿಗೆ ಕೊಟ್ಟ ಉತ್ತರದಿಂದ ತೀರ್ಮಾನವಾಗಬೇಕು, ನಮ್ಮ ಸಿಟ್ಟಿನಿಂದಲೋ ಪ್ರೀತಿಯಿಂದಲೋ ಅಲ್ಲ. ಗೌರಿ ಪ್ರಕರಣದ ವಿಚಾರಣೆ 2022ರ ಜುಲೈನಲ್ಲಿ ಶುರುವಾಯಿತು. ಪಟ್ಟಿಯಲ್ಲಿ ಐನೂರಕ್ಕೂ ಹೆಚ್ಚು ಸಾಕ್ಷಿಗಳಿದ್ದಾರೆ.

ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಗುಂಡು ಒಳಹೊಕ್ಕ ಗಾಯ ಯಾವುದು, ಹೊರಬಿದ್ದ ಗಾಯ ಯಾವುದು ಎಂದು ಗುರುತಿಸಿ. ಒಳಹೊಕ್ಕ ಗಾಯದ ಸುತ್ತ ಸುಟ್ಟ ಕಪ್ಪು, ಮದ್ದಿನ ಚುಕ್ಕೆಗಳಿದ್ದರೆ ಹತ್ತಿರದಿಂದ ಹಾರಿದ್ದು. ಕಣ್ಣಾರೆ ಕಂಡವರು ದೂರದಿಂದ ಹೊಡೆದರು ಎಂದಿದ್ದರೆ ಎರಡರಲ್ಲಿ ಒಂದು ತಪ್ಪು.

ಇನ್ನು ‘ಸ್ವ-ಇಚ್ಛಾ ಹೇಳಿಕೆ’. ಆರೋಪಿ ತಪ್ಪೊಪ್ಪಿಕೊಂಡ ಎಂದು ಟಿವಿಯಲ್ಲಿ ಬರುವುದು ಸಾಮಾನ್ಯವಾಗಿ ಇದನ್ನು ನೋಡಿ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಆತನ ಮಾತಿನಿಂದ ಒಂದು ವಸ್ತು ಪತ್ತೆಯಾಗಿದ್ದರೆ ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ಸಂಘಟಿತ ಅಪರಾಧ ಕಾಯ್ದೆ ಇದಕ್ಕೆ ಅಪವಾದ. ಅದರಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ವಿಧಿವತ್ತಾಗಿ ದಾಖಲಿಸಿದ ತಪ್ಪೊಪ್ಪಿಗೆಗೆ ಬೆಲೆಯಿದೆ. ಆ ಕಾಯ್ದೆ ಅನ್ವಯವಾಗುತ್ತದೋ ಇಲ್ಲವೋ ಎಂಬುದಕ್ಕೆ ಸುಪ್ರೀಂ ಕೋರ್ಟಿನವರೆಗೆ ಹೋರಾಟ ನಡೆದದ್ದು ಏಕೆಂದು ಈಗ ತಿಳಿಯಿತಲ್ಲ?

ಸಿಸಿಟಿವಿ ದೃಶ್ಯವಿದ್ದರೆ ಅದರ ಜೊತೆ ಪ್ರಮಾಣಪತ್ರವಿದೆಯೇ ನೋಡಿ. ಮೂಲ ಯಂತ್ರವನ್ನೇ ಹಾಜರುಪಡಿಸದಿದ್ದರೆ ಅದು ಕಡ್ಡಾಯ ಎಂದು 2020ರ ಜುಲೈನಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಹಂತ 8: ಗುಂಡು ಹಾರಿಸಿದ್ದು ಪೊಲೀಸರೇ ಆಗಿದ್ದರೆ

2014ರ ಸೆಪ್ಟೆಂಬರ್ 23ರಂದು ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 16 ಸೂಚನೆಗಳನ್ನು ಕೊಟ್ಟಿದೆ. ಎನ್‌ಕೌಂಟರ್ ಸಾವಿಗೆ ಎಫ್‌ಐಆರ್ ಆಗಲೇಬೇಕು, ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯವರು ನಡೆಸಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಮಂಗಳೂರು ಗೋಲಿಬಾರಿನ ಮ್ಯಾಜಿಸ್ಟ್ರೇಟ್ ವಿಚಾರಣೆಯಲ್ಲಿ ಕಂಡದ್ದನ್ನು ಹೇಳಲು, ವಿಡಿಯೊ ಕೊಡಲು ಜನರನ್ನೇ ಕರೆಯಲಾಗಿತ್ತು. ಅಂಥ ಪ್ರಕಟಣೆ ಬಂದಾಗ ಹೋಗಿ ಹೇಳಿಕೆ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ.

ಇಲ್ಲಿ ಮಾಹಿತಿ ಹಕ್ಕು ಕೆಲಸಕ್ಕೆ ಬರುತ್ತದೆ, ಏಕೆಂದರೆ ವರದಿ ಇರುವುದು ಸರ್ಕಾರಿ ಕಚೇರಿಯಲ್ಲಿ. 10 ರೂಪಾಯಿ ಶುಲ್ಕ, ಪುಟಕ್ಕೆ 2 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅರ್ಜಿ ಶುಲ್ಕವಿಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 30 ದಿನ ಕಾಯಿರಿ, ಆ ಮೇಲೆ ಮೊದಲ ಮೇಲ್ಮನವಿ ಹಾಕಿ. ‘ತನಿಖೆ ನಡೆಯುತ್ತಿದೆ’ ಎಂಬ ಒಂದೇ ಸಾಲಿನಲ್ಲಿ ಕೈತೊಳೆದುಕೊಂಡರೆ, ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆಂದು ವಿವರಿಸಬೇಕು ಎಂದಿರುವ ದೆಹಲಿ ಹೈಕೋರ್ಟಿನ 2007ರ ಭಗತ್ ಸಿಂಗ್ ತೀರ್ಪನ್ನು ಮೇಲ್ಮನವಿಯಲ್ಲಿ ಉಲ್ಲೇಖಿಸಿ.

ಹಂತ 9: ಹಂಚಿಕೊಳ್ಳುವ ಮುನ್ನ

ಸಾಕ್ಷಿಯ ಹೆಸರು, ಊರು, ಮುಖ ಯಾವುದನ್ನೂ ವಾಟ್ಸ್ಆ್ಯಪಿಗೆ ಹಾಕಬೇಡಿ. 2018ರಿಂದ ಸಾಕ್ಷಿ ರಕ್ಷಣಾ ಯೋಜನೆ ಇದೆ ನಿಜ. ಆದರೆ ಸಣ್ಣ ಊರಲ್ಲಿ ‘ಸ್ಟೇಷನ್ ರೋಡಿನ ಪಾನ್ ಅಂಗಡಿಯವನು’ ಎಂದರೂ ಸಾಕು, ಮರುದಿನವೇ ಅವನ ಮನೆ ಬಾಗಿಲಿಗೆ ಜನ ಬಂದು ನಿಲ್ಲುತ್ತಾರೆ. ಬೆದರಿದ ಸಾಕ್ಷಿ ತಿರುಗಿಬಿದ್ದರೆ ಮೊಕದ್ದಮೆಯೇ ಮುಳುಗುತ್ತದೆ. ಕೋರ್ಟಿನ ಕಲಾಪವನ್ನು ನಿಷ್ಪಕ್ಷಪಾತವಾಗಿ, ಇದ್ದದ್ದು ಇದ್ದಂತೆ ವರದಿ ಮಾಡಿದರೆ ನ್ಯಾಯಾಂಗ ನಿಂದನೆಯಾಗುವುದಿಲ್ಲ, 1971ರ ಕಾಯ್ದೆಯೇ ಹಾಗೆ ಹೇಳುತ್ತದೆ. ಯಾವ ದಿನ, ಯಾವ ಕೋರ್ಟು, ಯಾವ ಪಿ.ಡಬ್ಲ್ಯೂ., ಎರಡೂ ಕಡೆ ಏನೆಂದರು ಎಂಬುದಷ್ಟನ್ನೇ ಬರೆಯಿರಿ.

ತೀರ್ಪು ಬಂದ ದಿನ ಅದರ ಕೊನೆಯ ಪುಟಗಳನ್ನು ಮೊದಲು ತೆರೆಯಿರಿ. ವಿಚಾರಿಸಿದ ಸಾಕ್ಷಿಗಳು, ಗುರುತಿಸಿದ ದಾಖಲೆಗಳು, ಮುದ್ದೆಮಾಲುಗಳ ಪಟ್ಟಿ ಅಲ್ಲೇ ಇರುತ್ತದೆ. ನಿಮ್ಮ ನೋಟ್‌ಬುಕ್ಕಿನ ನಂಬರುಗಳನ್ನು ಆ ಪಟ್ಟಿಗೆ ತಾಳೆ ಹಾಕಿ. ನೀವು ಕೇಳಿಸಿಕೊಂಡ ಯಾವ ಸಾಕ್ಷ್ಯವನ್ನು ಕೋರ್ಟು ನಂಬಿತು, ಯಾವುದನ್ನು ಏಕೆ ಬಿಟ್ಟಿತು ಎಂದು ಪ್ಯಾರಾ ನಂಬರಿನ ಸಮೇತ ಗುರುತು ಹಾಕಿಕೊಳ್ಳಿ. ಮೇಲ್ಮನವಿ ಕಲಬುರಗಿ ಪೀಠದ ಮುಂದೆ ಬಂದಾಗ ವಕೀಲರ ವಾದ ನಡೆಯುವುದು ಅದೇ ಪ್ಯಾರಾಗಳ ಮೇಲೆ. ನೇರಪ್ರಸಾರವಿದ್ದರೆ ಆ ವಾದವನ್ನು ಚಿತ್ತಾಪುರದಲ್ಲೇ ಕುಳಿತು ಕೇಳಬಹುದು.